ಕಾರಿನ ಒಳದೀಪ ಮತ್ತು ಬ್ಯಾಟರಿ: ಬದಲಿಸುವ ಮೊದಲು ಅಳೆಯುವ ಕ್ರಮ

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8 ಗಂಟೆಗೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುವ ವಾಡಿಕೆ ಇದೆ. ಬಿಸಿಲಿಗಾಗಿ ಮನುಷ್ಯರ ವೇಳಾಪಟ್ಟಿಯೇ ಬದಲಾಗುವ ಈ ಸೀಮೆಯಲ್ಲಿ, ಬಯಲಲ್ಲಿ ನಿಲ್ಲಿಸಿದ ಕಾರಿನ ಬಾನೆಟ್ ಕೆಳಗಿರುವ ಬ್ಯಾಟರಿ ಮಾತ್ರ ದಿನವಿಡೀ ಬೇಯುತ್ತಿರುತ್ತದೆ. ಬೇಸಿಗೆಯಲ್ಲಿ ಆದ ಹಾನಿ ಬೇಸಿಗೆಯಲ್ಲೇ ಕಾಣಿಸಿಕೊಳ್ಳಬೇಕೆಂದಿಲ್ಲ. ಅನೇಕ ವೇಳೆ ಅದು ತೊಗರಿ ರಾಶಿಯ ಹೊತ್ತಿಗೆ, ಡಿಸೆಂಬರಿನ ಒಂದು ತಣ್ಣನೆಯ ಬೆಳಿಗ್ಗೆ, ಸೆಲ್ಫ್ ಎತ್ತದೆ ಕಾರು ಬರೀ ಟಕ್ ಟಕ್ ಎಂದು ನಿಂತಾಗ ಬೆಳಕಿಗೆ ಬರುತ್ತದೆ. ಹಿಂದಿನ ರಾತ್ರಿ ಯಾರಾದರೂ ಒಳಗಿನ ಲೈಟ್ ಆರಿಸದೆ ಬಿಟ್ಟಿದ್ದರೆ ದೀಪದ ಮೇಲೆ ತಪ್ಪು ಹೊರಿಸುತ್ತೇವೆ, ಬಿಟ್ಟಿರದಿದ್ದರೆ ಬ್ಯಾಟರಿಯ ಮೇಲೆ ಹೊರಿಸಿ ಹೊಸದನ್ನು ಕೊಂಡು ಕೂರಿಸುತ್ತೇವೆ. ನಿಜವಾದ ಕಾರಣ ಯಾವುದೆಂದು ತಿಳಿಯಲು ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಮತ್ತು ಅರ್ಧ ದಿನದ ತಾಳ್ಮೆ ಸಾಕು. ಒಳದೀಪ ಹೇಗೆ ಹೊತ್ತಿಕೊಳ್ಳುತ್ತದೆ, ಅದಕ್ಕೆ ಎಷ್ಟು ಕರೆಂಟು ಬೇಕು, ನಿಂತ ಕಾರು ಬ್ಯಾಟರಿಯಿಂದ ಏನನ್ನು ಎಳೆಯುತ್ತಿರುತ್ತದೆ, ಅದನ್ನು ಮನೆಯಂಗಳದಲ್ಲೇ ಹೇಗೆ ಅಳೆಯಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಒಳದೀಪಕ್ಕೆ ಕರೆಂಟು ಬರುವ ದಾರಿ

ಕಾರಿನ ಚಾವಣಿಯ ದೀಪಕ್ಕೆ ಸಾಮಾನ್ಯವಾಗಿ ಮೂರು ಸ್ಥಾನಗಳ ಸ್ವಿಚ್ ಇರುತ್ತದೆ: ಸದಾ ಉರಿಯುವುದು, ಬಾಗಿಲು ತೆರೆದಾಗ ಮಾತ್ರ ಉರಿಯುವುದು, ಉರಿಯದೇ ಇರುವುದು. ಮನೆಯ ಬಲ್ಬಿನ ಸ್ವಿಚ್ ಫೇಸ್ ತಂತಿಯನ್ನು ಕಡಿಯುತ್ತದೆ. ಆದರೆ ಹಳೆಯ ಮಾದರಿಯ ಕಾರುಗಳಲ್ಲಿ ಒಳದೀಪದ ಪಾಸಿಟಿವ್ ತಂತಿಗೆ ಫ್ಯೂಸಿನ ಮೂಲಕ ಬ್ಯಾಟರಿಯಿಂದ ಸದಾ ಕರೆಂಟು ಬರುತ್ತಿರುತ್ತದೆ, ಸ್ವಿಚ್ ಇರುವುದು ನೆಗೆಟಿವ್ ಬದಿಯಲ್ಲಿ. ಬಾಗಿಲು ತೆರೆದಾಗ ಬಾಗಿಲ ಕಂಬದಲ್ಲಿರುವ ಸಣ್ಣ ಗುಂಡಿ ಹೊರಕ್ಕೆ ಚಿಮ್ಮಿ, ದೀಪದಿಂದ ಬಂದ ತಂತಿಯನ್ನು ಕಾರಿನ ಲೋಹದ ಮೈಗೆ, ಅಂದರೆ ಅರ್ತ್‌ಗೆ, ಮುಟ್ಟಿಸುತ್ತದೆ. ಆಗ ದಾರಿ ಪೂರ್ಣಗೊಂಡು ದೀಪ ಉರಿಯುತ್ತದೆ. ಬಾಗಿಲು ಮುಚ್ಚಿದಾಗ ಗುಂಡಿ ಒಳಕ್ಕೆ ಒತ್ತಿ ಆ ಸಂಪರ್ಕ ಕಡಿಯುತ್ತದೆ.

ಒಳದೀಪದ ಬಹುಪಾಲು ತೊಂದರೆಗಳು ಬಲ್ಬಿನಲ್ಲಿ ಇರುವುದಿಲ್ಲ, ಈ ಗುಂಡಿಯಲ್ಲಿ ಇರುತ್ತವೆ. ಅದರ ಮೇಲಿನ ರಬ್ಬರ್ ಟೋಪಿ ಬಿಸಿಲಿಗೆ ಒಣಗಿ ಸೀಳಿದ ಮೇಲೆ ಬೀದರ ಕಡೆಯ ಕೆಂಪು ಧೂಳಾಗಲಿ, ಕಲಬುರಗಿ ಯಾದಗಿರಿ ಕಡೆಯ ಕರಿಮಣ್ಣಿನ ಹುಡಿಯಾಗಲಿ, ಶಹಾಬಾದ ಕಲ್ಲಿನ ಗಣಿಗಳ ಬೂದುಬಣ್ಣದ ಪುಡಿಯಾಗಲಿ ಒಳಸೇರುತ್ತದೆ. ಮೊದಲ ಮಳೆಯ ತೇವಕ್ಕೆ ಆ ಧೂಳು ಕೆಸರಾಗಿ ಒಣಗಿ, ಗುಂಡಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಹೊರಗೆ ಸಿಕ್ಕಿಕೊಂಡರೆ ಬಾಗಿಲು ಮುಚ್ಚಿದರೂ ದೀಪ ಆರುವುದಿಲ್ಲ, ಒಳಗೆ ಸಿಕ್ಕಿಕೊಂಡರೆ ಬಾಗಿಲು ತೆರೆದರೂ ಹೊತ್ತುವುದಿಲ್ಲ.

ದುರಸ್ತಿ ಕಷ್ಟದ್ದೇನಲ್ಲ. ಎಲ್ಲ ಬಾಗಿಲುಗಳನ್ನು ಮುಚ್ಚಿ ಒಂದನ್ನು ಮಾತ್ರ ತೆರೆದು, ಅದರ ಗುಂಡಿಯನ್ನು ಬೆರಳಿನಿಂದ ಒತ್ತಿ ಬಿಟ್ಟು ನೋಡಿದರೆ ಯಾವ ಬಾಗಿಲಿನದು ಕೆಟ್ಟಿದೆ ಎಂದು ತಿಳಿಯುತ್ತದೆ. ಗುಂಡಿಯನ್ನು ಹಿಡಿದಿರುವ ಒಂದೇ ಒಂದು ಸ್ಕ್ರೂ ಬಿಚ್ಚಿ ನಿಧಾನವಾಗಿ ಹೊರಗೆಳೆಯಬೇಕು. ಎಳೆದ ಕೂಡಲೇ ಹಿಂದಿನ ತಂತಿಗೆ ಒಂದು ಬಟ್ಟೆಯ ಕ್ಲಿಪ್ ಹಾಕಿಡಬೇಕು, ಇಲ್ಲದಿದ್ದರೆ ತಂತಿ ಕಂಬದೊಳಗೆ ಜಾರಿಹೋಗಿ ಅದನ್ನು ಮತ್ತೆ ಹೊರತೆಗೆಯಲು ಒಳಹೊದಿಕೆಯನ್ನೇ ಬಿಚ್ಚಬೇಕಾಗುತ್ತದೆ. ಆ ಸ್ಕ್ರೂ ಬರೀ ಹಿಡಿತಕ್ಕಾಗಿ ಇರುವುದಲ್ಲ, ಅನೇಕ ಕಾರುಗಳಲ್ಲಿ ಅರ್ತ್ ಸಂಪರ್ಕ ಆಗುವುದೂ ಅದರ ಮೂಲಕವೇ. ಆದ್ದರಿಂದ ಸ್ಕ್ರೂ, ಅದು ಕೂರುವ ಲೋಹದ ಜಾಗ ಮತ್ತು ಗುಂಡಿಯ ಹಿಂದಿನ ತಗಡು ಈ ಮೂರನ್ನೂ ನುಣುಪಾದ ಸ್ಯಾಂಡ್‌ಪೇಪರಿನಿಂದ ಹೊಳೆಯುವಷ್ಟು ಉಜ್ಜಿ, ರಬ್ಬರ್ ಸೀಳಿದ್ದರೆ ಇಡೀ ಸ್ವಿಚ್ಚನ್ನೇ ಬದಲಿಸುವುದು ಒಳ್ಳೆಯದು. ಎಂಜಿನ್ ಆಯಿಲ್ ಹನಿಸುವ ಅಭ್ಯಾಸ ಬೇಡ. ಎಣ್ಣೆಗೆ ಧೂಳು ಅಂಟಿ ಕೆಲವೇ ತಿಂಗಳಲ್ಲಿ ಗುಂಡಿ ಮತ್ತೆ ಸಿಕ್ಕಿಕೊಳ್ಳುತ್ತದೆ.

ಹೊಸ ಕಾರುಗಳಲ್ಲಿ ಈ ಗುಂಡಿ ಕಣ್ಣಿಗೆ ಬೀಳುವುದಿಲ್ಲ. ಬಾಗಿಲಿನ ಲಾಕ್ ಒಳಗೇ ಇರುವ ಸೂಕ್ಷ್ಮ ಸ್ವಿಚ್ ಬಾಗಿಲು ತೆರೆದಿದೆಯೇ ಮುಚ್ಚಿದೆಯೇ ಎಂಬುದನ್ನು ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಗಣಕ ಘಟಕಕ್ಕೆ ತಿಳಿಸುತ್ತದೆ. ದೀಪವನ್ನು ಹಚ್ಚುವುದು, ಬಾಗಿಲು ಮುಚ್ಚಿದ ಮೇಲೆ ಕೆಲವು ಸೆಕೆಂಡು ಉಳಿಸುವುದು, ನಂತರ ಮೆಲ್ಲಗೆ ಮಂಕಾಗಿಸಿ ಆರಿಸುವುದು ಎಲ್ಲವೂ ಆ ಘಟಕದ ಕೆಲಸ. ದೀಪ ಮೆಲ್ಲಗೆ ಮಂಕಾಗುವಾಗ ವೋಲ್ಟೇಜ್ ಇಳಿಯುತ್ತಿರುವುದಿಲ್ಲ. ಸೆಕೆಂಡಿಗೆ ನೂರಾರು ಬಾರಿ ಕರೆಂಟನ್ನು ಬಿಟ್ಟು ಕಡಿಯುತ್ತ, ಬಿಡುವ ಅವಧಿಯನ್ನು ಕಡಿಮೆ ಮಾಡುತ್ತ ಹೋಗುವುದರಿಂದ ನಮ್ಮ ಕಣ್ಣಿಗೆ ಬೆಳಕು ಕುಗ್ಗಿದಂತೆ ಕಾಣುತ್ತದೆ. ಇಂಥ ಅನೇಕ ಕಾರುಗಳಲ್ಲಿ ಬಾಗಿಲು ತೆರೆದೇ ಉಳಿದರೂ ನಿಗದಿತ ನಿಮಿಷಗಳ ನಂತರ ದೀಪವನ್ನು ತಾನಾಗಿ ಆರಿಸುವ ಬ್ಯಾಟರಿ ರಕ್ಷಣೆಯ ವ್ಯವಸ್ಥೆ ಇರುತ್ತದೆ. ನಿಮ್ಮ ಕಾರಿನಲ್ಲಿ ಅದು ಇದೆಯೇ ಎಂದು ತಿಳಿಯಲು ಕೈಪಿಡಿ ಓದಬಹುದು, ಇಲ್ಲವೇ ಒಂದು ಸಂಜೆ ಕಾರು ಆಫ್ ಮಾಡಿ ಬಾಗಿಲು ತೆರೆದಿಟ್ಟು ಅರ್ಧ ಗಂಟೆ ಕಾಯ್ದು ನೋಡಬಹುದು. ಈ ವ್ಯವಸ್ಥೆ ಇದ್ದರೂ ಸ್ವಿಚ್ಚನ್ನು ಸದಾ ಉರಿಯುವ ಸ್ಥಾನದಲ್ಲಿಟ್ಟ ದೀಪವನ್ನು ಕೆಲವು ಕಾರುಗಳು ಆರಿಸುವುದಿಲ್ಲ, ಆದ್ದರಿಂದ ಆ ಸ್ಥಾನದಲ್ಲೂ ಒಮ್ಮೆ ಪರೀಕ್ಷಿಸಬೇಕು.

ಒಂದು ರಾತ್ರಿಯ ಲೆಕ್ಕ

ಹಳೆಯ ಚಾವಣಿ ದೀಪದ ಕೊಳವೆಯಾಕಾರದ ಬಲ್ಬು 5 ಅಥವಾ 10 ವ್ಯಾಟಿನದು. 10 ವ್ಯಾಟನ್ನು 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 0.83 ಆಂಪಿಯರ್ ಬರುತ್ತದೆ. ರಾತ್ರಿ 9ಕ್ಕೆ ಬಿಟ್ಟ ದೀಪವನ್ನು ಬೆಳಿಗ್ಗೆ 7ಕ್ಕೆ ಕಂಡರೆ ಹತ್ತು ಗಂಟೆಗಳಲ್ಲಿ 8.3 ಆಂಪಿಯರ್-ಅವರ್ (ಆಂಪಿಯರನ್ನು ಗಂಟೆಗಳಿಂದ ಗುಣಿಸಿದ ಅಳತೆ) ಖರ್ಚಾಗಿರುತ್ತದೆ. ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾದ 35 ಆಂಪಿಯರ್-ಅವರ್ ಬ್ಯಾಟರಿ ಹೊಸದಾಗಿದ್ದು ತುಂಬಿದ್ದರೆ ಇದು ಅದರ ಕಾಲು ಭಾಗಕ್ಕಿಂತಲೂ ಕಡಿಮೆ. ಕಾರು ಬೆಳಿಗ್ಗೆ ಸಹಜವಾಗಿಯೇ ಸ್ಟಾರ್ಟ್ ಆಗಬೇಕು. ಅದೇ ಬೆಳಕನ್ನು ಕೊಡುವ ಎಲ್‌ಇಡಿ ಒಂದು ವ್ಯಾಟಿನದಾಗಿದ್ದರೆ ಹತ್ತು ಗಂಟೆಗೆ ಒಂದು ಆಂಪಿಯರ್-ಅವರ್ ಕೂಡ ಹೋಗುವುದಿಲ್ಲ.

ಹಾಗಾದರೆ ಒಂದೇ ರಾತ್ರಿಯ ದೀಪಕ್ಕೆ ಬ್ಯಾಟರಿ ಕೂತುಬಿಟ್ಟರೆ ಅದರ ಅರ್ಥವೇನು? ಬ್ಯಾಟರಿ ಮೊದಲೇ ಪೂರ್ತಿ ತುಂಬಿರಲಿಲ್ಲ, ಅಥವಾ ವಯಸ್ಸಾಗಿ ಅದರ ಹಿಡಿತ ಕುಗ್ಗಿತ್ತು, ಅಥವಾ ದೀಪದ ಜೊತೆಗೆ ಬೇರೆ ಏನೋ ಕರೆಂಟು ಎಳೆಯುತ್ತಿತ್ತು ಎಂದು. ಹಳೆಯ ಬ್ಯಾಟರಿ ಹೂಳು ತುಂಬಿದ ಕೆರೆಯ ಹಾಗೆ: ಅಂಚಿನವರೆಗೆ ನೀರು ಕಂಡರೂ ಒಳಗಿರುವುದು ಮೊಣಕಾಲುದ್ದ ಮಾತ್ರ. 35ರ ಬ್ಯಾಟರಿಯ ಹಿಡಿತ ವರ್ಷಗಳು ಕಳೆದು 18ಕ್ಕೆ ಇಳಿದಿದ್ದರೆ ಅದೇ 8.3 ಎಂಬುದು ಅದರ ಅರ್ಧದ ಹತ್ತಿರ ಹೋಗುತ್ತದೆ, ಉಳಿದ ಅರ್ಧದಲ್ಲಿ ಎಂಜಿನ್ ಎಬ್ಬಿಸುವ ನೂರಾರು ಆಂಪಿಯರಿನ ರಭಸ ಹುಟ್ಟುವುದಿಲ್ಲ. ದೀಪ ಇಲ್ಲಿ ಕಾರಣ ಅಲ್ಲ, ಸಾಕ್ಷಿ.

ಬಾಗಿಲು ಸರಿಯಾಗಿ ಮುಚ್ಚದೆ ಉಳಿಯುವುದು ಮಾತ್ರ ದೀಪ ಬಿಟ್ಟುದಕ್ಕಿಂತ ದೊಡ್ಡ ನಷ್ಟ. ಆಗ ಚಾವಣಿ ದೀಪ ಆರಿದರೂ ಕಾರಿನ ಗಣಕ ಘಟಕಗಳು ಮಾಲೀಕ ಇನ್ನೂ ಒಳಗಿದ್ದಾನೆ ಎಂದುಕೊಂಡು ಎಚ್ಚರವಾಗಿಯೇ ಇರಬಹುದು. ಜಾತ್ರೆಗೋ ಗಾಣಗಾಪುರದ ದರ್ಶನಕ್ಕೋ ಹೋದಾಗ ಹಿರಿಯರನ್ನು ಕಾರಿನಲ್ಲಿ ಕೂರಿಸಿ, ಬಾಗಿಲು ತೆರೆದಿಟ್ಟು, ಹಾಡು ಹಚ್ಚಿ, ಫ್ಯಾನ್ ತಿರುಗಿಸಿ ಎರಡು ತಾಸು ಬಿಡುವುದು ನಮ್ಮಲ್ಲಿ ಸಾಮಾನ್ಯ. ಎಂಜಿನ್ ಆರಿರುವಾಗ ಗಾಳಿಯ ಫ್ಯಾನ್ ಒಂದೇ, ಅದರ ವೇಗಕ್ಕೆ ತಕ್ಕಂತೆ, ಹತ್ತು ಆಂಪಿಯರಿಗೂ ಮೀರಿ ಎಳೆಯಬಲ್ಲದು. ಒಳದೀಪದ ಹತ್ತು ಪಟ್ಟು ಖರ್ಚು ಅಲ್ಲಿ ಆಗುತ್ತಿರುವಾಗ ದೀಪವನ್ನು ಆರಿಸಿ ಸಮಾಧಾನ ಪಡುವುದರಲ್ಲಿ ಅರ್ಥವಿಲ್ಲ.

ವೋಲ್ಟೇಜ್ ಓದುವ ಕ್ರಮ

ಸೀಸ-ಆಮ್ಲದ ಬ್ಯಾಟರಿಯೊಳಗೆ ಆರು ಕೋಶಗಳಿದ್ದು, ಒಂದೊಂದೂ ಸುಮಾರು 2.1 ವೋಲ್ಟ್ ಕೊಡುತ್ತದೆ. ಆದ್ದರಿಂದ ಪೂರ್ತಿ ತುಂಬಿದ ಬ್ಯಾಟರಿ 12.6ರಿಂದ 12.7 ವೋಲ್ಟ್ ತೋರಿಸಬೇಕು. 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ, 12.0 ಇದ್ದರೆ ಕಾಲು ಭಾಗ ಮಾತ್ರ ಉಳಿದಿದೆ ಎಂದು ತಿಳಿಯಬಹುದು. 11.8ಕ್ಕೆ ಇಳಿದದ್ದು ಬರಿದಾದಂತೆಯೇ ಲೆಕ್ಕ. ಹನ್ನೆರಡು ವೋಲ್ಟಿನ ಬ್ಯಾಟರಿ ಹನ್ನೆರಡು ತೋರಿಸಿತು, ಸರಿಯಾಗಿದೆ ಎಂದು ನಿರಾಳವಾಗುವವರು ಈ ಅಂಕಿಗಳನ್ನು ಬಾನೆಟ್ಟಿನ ಒಳಬದಿಗೆ ಬರೆದು ಅಂಟಿಸಿಕೊಳ್ಳುವುದು ಮೇಲು.

ಅಳೆಯುವ ಹೊತ್ತು ಮುಖ್ಯ. ಓಡಿಸಿ ಬಂದ ಕೂಡಲೇ ಅಳೆದರೆ ಬ್ಯಾಟರಿಯೊಳಗಿನ ಸೀಸದ ಫಲಕಗಳ ಮೇಲ್ಮೈಯಲ್ಲಿ ನಿಂತ ಚಾರ್ಜ್ ಸುಳ್ಳು ಅಂಕಿ ತೋರಿಸುತ್ತದೆ. ಬೆಳಿಗ್ಗೆ, ಬಾಗಿಲನ್ನೂ ತೆರೆಯದೆ ಅಳೆಯುವುದು ಉತ್ತಮ. ಅದಕ್ಕಾಗಿ ಹಿಂದಿನ ರಾತ್ರಿಯೇ ಬಾನೆಟ್ ಲಾಕ್ ಬಿಡಿಸಿಟ್ಟುಕೊಳ್ಳಬೇಕು. ಮೀಟರಿನ ಗುಂಡಿಯನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಪಾಸಿಟಿವ್ ಸೀಸದ ಕಂಬಕ್ಕೆ, ಕಪ್ಪು ಕಡ್ಡಿಯನ್ನು ನೆಗೆಟಿವ್ ಕಂಬಕ್ಕೆ ನೇರವಾಗಿ ಮುಟ್ಟಿಸಿ ಓದಬೇಕು. ಅನಂತರ ಮತ್ತೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ ಅಂಕಿಯ ಮೇಲೆ ಕಣ್ಣಿಡಬೇಕು. ಎಂಜಿನ್ ತಿರುಗುವಾಗ ವೋಲ್ಟೇಜ್ 10ರ ಆಸುಪಾಸಿಗೆ ಇಳಿಯುವುದು ಸಹಜ, 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ ಅಥವಾ ತುಂಬಿಲ್ಲ. ಬೆಳಿಗ್ಗೆ 12.6 ತೋರಿಸಿ ಸೆಲ್ಫ್ ಹೊಡೆದಾಗ 8ಕ್ಕೆ ಬೀಳುವುದೇ ಮೇಲೆ ಹೇಳಿದ ಹೂಳಿನ ಲಕ್ಷಣ. ಎಂಜಿನ್ ಓಡುತ್ತಿರುವಾಗ ಹೆಚ್ಚಿನ ಕಾರುಗಳು 13.8ರಿಂದ 14.7 ವೋಲ್ಟ್ ತೋರಿಸಬೇಕು. 13ರ ಒಳಗೇ ನಿಂತರೆ ಬ್ಯಾಟರಿಯನ್ನು ಬೈಯುವ ಮೊದಲು, ಎಂಜಿನ್ ಓಡುವಾಗ ಬ್ಯಾಟರಿಯನ್ನು ತುಂಬಿಸುವ, ಗ್ಯಾರೇಜುಗಳಲ್ಲಿ ಡೈನಮೊ ಎಂದು ಕರೆಯುವ ಆಲ್ಟರ್ನೇಟರನ್ನೂ ಅದರ ಬೆಲ್ಟನ್ನೂ ನೋಡಿಸಬೇಕು.

ಈ ಕೊನೆಯ ಮಾತಿಗೆ ಒಂದು ತಿದ್ದುಪಡಿ ಇದೆ. ಇತ್ತೀಚಿನ ಅನೇಕ ಕಾರುಗಳಲ್ಲಿ ನೆಗೆಟಿವ್ ಟರ್ಮಿನಲ್ಲಿಗೆ ಅಂಟಿಕೊಂಡಂತೆ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಬ್ಯಾಟರಿಗೆ ಬಂದ ಕರೆಂಟು, ಹೋದ ಕರೆಂಟು, ವೋಲ್ಟೇಜ್ ಮತ್ತು ತಾಪವನ್ನು ಲೆಕ್ಕವಿಡುವ ಸೆನ್ಸರ್ ಅದು. ಅದರ ಲೆಕ್ಕದ ಆಧಾರದ ಮೇಲೆ ಎಂಜಿನ್ನಿನ ಗಣಕ ಆಲ್ಟರ್ನೇಟರಿಗೆ ಯಾವಾಗ ಎಷ್ಟು ಉತ್ಪಾದಿಸಬೇಕೆಂದು ಆಜ್ಞೆ ಕೊಡುತ್ತದೆ. ಇಂಧನ ಉಳಿಸಲು ಸಮವೇಗದಲ್ಲಿ ಓಡುವಾಗ ಚಾರ್ಜ್ ಕಡಿಮೆ ಮಾಡಿ, ಬ್ರೇಕ್ ಹಾಕುವಾಗ ಅಥವಾ ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚಿಸುತ್ತದೆ. ಆದ್ದರಿಂದ ಅಂಥ ಕಾರಿನಲ್ಲಿ ಒಮ್ಮೊಮ್ಮೆ 12.8 ಕಂಡರೆ ಅದು ದೋಷವಲ್ಲ. ಹೆಡ್‌ಲೈಟ್ ಹಚ್ಚಿ ಎರಡು ಮೂರು ಬಾರಿ ನೋಡಿ ತೀರ್ಮಾನಿಸಬೇಕು. ಸಿಗ್ನಲ್ಲಿನಲ್ಲಿ ತಾನಾಗಿ ಆರಿ ತಾನಾಗಿ ಹೊತ್ತುವ ಎಂಜಿನ್ ಇದ್ದ ಕಾರು ಕೆಲವು ದಿನಗಳಿಂದ ಆರುತ್ತಲೇ ಇಲ್ಲವಾದರೆ ಬ್ಯಾಟರಿಯ ಚಾರ್ಜ್ ಕುಗ್ಗಿದೆ ಎಂಬ ಮೊದಲ ಸೂಚನೆ ಅದಾಗಿರಬಹುದು, ಆದರೆ ಮೇ ತಿಂಗಳಲ್ಲಿ ಎಸಿಯ ಭಾರಕ್ಕೂ ಹಾಗಾಗುತ್ತದೆ.

ನಿಂತ ಕಾರು ಎಳೆಯುವ ಕರೆಂಟು

ಬೀಗ ಹಾಕಿ ನಿಲ್ಲಿಸಿದ ಕಾರು ಕೂಡ ಸುಮ್ಮನಿರುವುದಿಲ್ಲ. ಗಡಿಯಾರ, ರಿಮೋಟ್ ಕೀಲಿಗೆ ಕಿವಿಗೊಡುವ ರಿಸೀವರ್, ಕಳ್ಳತನ ತಡೆಯುವ ಅಲಾರಂ ಇವೆಲ್ಲ ಸೇರಿ 20ರಿಂದ 50 ಮಿಲಿಆಂಪಿಯರ್ ಎಳೆಯುವುದು ಸಹಜ. 30 ಮಿಲಿಆಂಪಿಯರ್ ಎಂದರೆ ದಿನಕ್ಕೆ 0.72 ಆಂಪಿಯರ್-ಅವರ್, 35ರ ಬ್ಯಾಟರಿ ಅರ್ಧಕ್ಕೆ ಇಳಿಯಲು ಮೂರು ವಾರಕ್ಕೂ ಹೆಚ್ಚು ಬೇಕು. ಅದೇ ಸೋರಿಕೆ 200 ಮಿಲಿಆಂಪಿಯರ್ ಆದರೆ ನಾಲ್ಕು ದಿನದೊಳಗೆ ಅರ್ಧ ಖಾಲಿ. ಕಾರನ್ನು ರೈಲು ನಿಲ್ದಾಣದಲ್ಲಿ ನಿಲ್ಲಿಸಿ ಬೆಂಗಳೂರಿಗೆ ಹೋಗಿ ಬರುವವರಿಗೆ ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸವೇ ಮನೆ ತಲುಪುವುದಕ್ಕೂ ತಲುಪದಿರುವುದಕ್ಕೂ ನಡುವಿನ ವ್ಯತ್ಯಾಸ.

ಸೋರಿಕೆ ಅಳೆಯುವಾಗ ಅವಸರ ಪಡಬಾರದು, ಈ ಕೆಳಗಿನ ಕ್ರಮವನ್ನು ಬಿಡದೆ ಅನುಸರಿಸಬೇಕು. ಮೊದಲು ಚಾಲಕನ ಕಿಟಕಿಯನ್ನು ಇಳಿಸಿ, ಬಾನೆಟ್ ತೆರೆದು, ಎಲ್ಲ ಬಾಗಿಲು ಮತ್ತು ಡಿಕ್ಕಿ ಮುಚ್ಚಿ, ಕೀಲಿಯನ್ನು ಮನೆಯೊಳಗೆ ದೂರ ಇಡಬೇಕು. ಬಟನ್ ಸ್ಟಾರ್ಟ್ ಇರುವ ಕಾರುಗಳು ಕೀಲಿ ಹತ್ತಿರವಿದ್ದರೆ ನಿದ್ರೆಗೆ ಜಾರುವುದಿಲ್ಲ. ಮೀಟರಿನ ಕೆಂಪು ಕಡ್ಡಿಯ ತಂತಿಯನ್ನು 10 ಆಂಪಿಯರ್ ಎಂದು ಬರೆದ ರಂಧ್ರಕ್ಕೆ ಬದಲಿಸಿ ಗುಂಡಿಯನ್ನೂ ಅಲ್ಲಿಗೇ ತಿರುಗಿಸಬೇಕು. 10 ಎಂಎಂ ಸ್ಪ್ಯಾನರಿನಿಂದ ನೆಗೆಟಿವ್ ಟರ್ಮಿನಲ್ ಸಡಿಲಿಸಿ, ಮೀಟರಿನ ಒಂದು ಕಡ್ಡಿಯನ್ನು ಆ ಟರ್ಮಿನಲ್ ಕೇಬಲ್ಲಿಗೂ ಇನ್ನೊಂದನ್ನು ಸೀಸದ ಕಂಬಕ್ಕೂ ಕ್ಲಿಪ್ಪಿನಿಂದ ಕಚ್ಚಿಸಿದ ಮೇಲೆಯೇ ಟರ್ಮಿನಲ್ಲನ್ನು ಮೇಲೆತ್ತಬೇಕು. ಹೀಗೆ ಮಾಡಿದರೆ ಕರೆಂಟು ಒಂದು ಕ್ಷಣವೂ ಕಡಿಯದೆ ಗಣಕ ಘಟಕಗಳು ಮತ್ತೆ ಎಚ್ಚರಗೊಳ್ಳುವುದಿಲ್ಲ. ಈಗ ಇಡೀ ಕಾರಿನ ಕರೆಂಟು ಮೀಟರಿನ ಮೂಲಕವೇ ಹರಿಯುತ್ತಿದೆ. ಈ ಸ್ಥಿತಿಯಲ್ಲಿ ಸೆಲ್ಫ್ ಹೊಡೆಯುವುದಾಗಲಿ, ಹೆಡ್‌ಲೈಟ್ ಹಚ್ಚುವುದಾಗಲಿ ಕೂಡದು, ಮೀಟರ್ ಸುಟ್ಟುಹೋಗುತ್ತದೆ. ಮುಕ್ಕಾಲು ಗಂಟೆ ಬಿಟ್ಟು ಬಂದು ಓದಬೇಕು. ಕೆಲಸ ಮುಗಿದ ಕೂಡಲೇ ಕೆಂಪು ತಂತಿಯನ್ನು ವೋಲ್ಟಿನ ರಂಧ್ರಕ್ಕೆ ಮರಳಿಸಬೇಕು. ಆಂಪಿಯರ್ ರಂಧ್ರದಲ್ಲೇ ಬಿಟ್ಟು ಮರುದಿನ ಅದೇ ಮೀಟರಿನಿಂದ ವೋಲ್ಟೇಜ್ ಅಳೆಯ ಹೋದರೆ ಬ್ಯಾಟರಿಯನ್ನೇ ಶಾರ್ಟ್ ಮಾಡಿದಂತಾಗಿ ಕೈ ಸುಡುವ ಅಪಾಯವಿದೆ.

ಅಂಕಿ 50 ಮಿಲಿಆಂಪಿಯರನ್ನು ಬಹಳ ಮೀರಿದ್ದರೆ ಇಳಿಸಿಟ್ಟ ಕಿಟಕಿಯ ಮೂಲಕ ಕೈ ಹಾಕಿ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಕೂರಿಸುತ್ತ ಹೋಗಬೇಕು. ಯಾವುದನ್ನು ಕಿತ್ತಾಗ ಅಂಕಿ ಬೀಳುತ್ತದೆಯೋ ಆ ದಾರಿಯಲ್ಲಿ ಸೋರಿಕೆ ಇದೆ. ಕೆಂಪು ಫ್ಯೂಸ್ 10 ಆಂಪಿಯರಿನದು, ನೀಲಿ 15, ಹಳದಿ 20. ಕಿತ್ತದ್ದನ್ನು ಅದೇ ಜಾಗಕ್ಕೆ ಮರಳಿಸಬೇಕು, ಕೈಗೆ ಸಿಕ್ಕಿದ್ದನ್ನು ತುರುಕಬಾರದು. ಎಲ್ಲ ಫ್ಯೂಸ್ ಕಿತ್ತರೂ ಅಂಕಿ ಇಳಿಯದಿದ್ದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡಬೇಕಾದ, ಆಲ್ಟರ್ನೇಟರಿನ ಒಳಗಿನ ಡಯೋಡ್ ಹಿಮ್ಮುಖವಾಗಿ ಸೋರುತ್ತಿರಬಹುದು, ಅದನ್ನು ಆಟೋ ಎಲೆಕ್ಟ್ರಿಷಿಯನ್ ನೋಡಬೇಕು.

ನಮ್ಮ ಊರುಗಳಲ್ಲಿ ಸಿಗುವ ಸೋರಿಕೆಗಳಿಗೆ ಹೆಚ್ಚಿನ ಪಾಲು ಕಾರಣ ಹೊರಗಿನಿಂದ ಕೂಡಿಸಿದ ಸಾಮಾನು ಎಂಬುದು ನನ್ನ ಅಭಿಪ್ರಾಯ. ಮ್ಯೂಸಿಕ್ ಸಿಸ್ಟಮ್ಮಿನ ಹಿಂದೆ ಸದಾ ಕರೆಂಟು ಬೇಡುವ ಹಳದಿ ತಂತಿಯೂ ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಪಡೆಯಬೇಕಾದ ಕೆಂಪು ತಂತಿಯೂ ಬೇರೆ ಬೇರೆ ಇರುತ್ತವೆ. ಹಳದಿಯದು ನೆನಪಿಗಾಗಿ, ಕೆಂಪಿನದು ಎಚ್ಚರಕ್ಕಾಗಿ. ಎರಡನ್ನೂ ಕೂಡಿಸಿ ಟೇಪ್ ಸುತ್ತಿದರೆ ಹಾಡೇನೋ ಕೀಲಿಯಿಲ್ಲದೆಯೂ ಬರುತ್ತದೆ, ಆದರೆ ಸಿಸ್ಟಮ್ ರಾತ್ರಿಯೆಲ್ಲ ಎಚ್ಚರವಿದ್ದು ಬ್ಯಾಟರಿಯನ್ನು ಹೀರುತ್ತದೆ. ಜಿಪಿಎಸ್ ಟ್ರ್ಯಾಕರ್, ಡ್ಯಾಶ್ ಕ್ಯಾಮೆರಾ, ಬಣ್ಣದ ಎಲ್‌ಇಡಿ ಪಟ್ಟಿಗಳಿಗೂ ಇದೇ ಮಾತು ಸಲ್ಲುತ್ತದೆ.

ಡ್ಯಾಶ್‌ಬೋರ್ಡಿನ ಖಾನೆಯ ದೀಪ ಮತ್ತು ಡಿಕ್ಕಿಯ ದೀಪ ಮುಚ್ಚಿದ ಮೇಲೆ ಆರುತ್ತವೆಯೇ ಎಂದು ಕಣ್ಣಿನಿಂದ ನೋಡಲು ಆಗದು. ಫೋನಿನಲ್ಲಿ ವಿಡಿಯೊ ಹಚ್ಚಿ, ಫ್ಲ್ಯಾಶ್ ಆರಿಸಿ, ಕ್ಯಾಮೆರಾ ದೀಪದ ಕಡೆಗಿರುವಂತೆ ಒಳಗಿಟ್ಟು, ಒಂದು ನಿಮಿಷ ಮುಚ್ಚಿ ತೆಗೆದರೆ ಉತ್ತರ ಸಿಗುತ್ತದೆ. ದೀಪ ನಿಧಾನವಾಗಿ ಆರುವ ಕಾರಿನಲ್ಲಿ ಇನ್ನಷ್ಟು ಹೊತ್ತು ಬಿಡಬೇಕಷ್ಟೆ.

ಬಿಸಿಲು, ನೀರು, ಧೂಳು

ಚಳಿ ಬ್ಯಾಟರಿಯನ್ನು ಆ ಬೆಳಗಿನ ಮಟ್ಟಿಗೆ ಸೋಲಿಸುತ್ತದೆ, ಬಿಸಿಲು ಅದರ ಆಯುಷ್ಯವನ್ನೇ ಕಡಿಯುತ್ತದೆ. ತಾಪ 10 ಡಿಗ್ರಿ ಸೆಲ್ಸಿಯಸ್ ಏರಿದಾಗ ಒಳಗಿನ ರಾಸಾಯನಿಕ ಕ್ರಿಯೆಗಳ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಅದರ ಜೊತೆಗೆ ಫಲಕಗಳ ಸವೆತ, ನೀರಿನ ಆವಿ, ತಾನಾಗಿ ಬರಿದಾಗುವ ಗತಿ ಎಲ್ಲವೂ ಹೆಚ್ಚುತ್ತವೆ. ನೆರಳಿನಲ್ಲೇ 42 ಡಿಗ್ರಿ ಇರುವ ದಿನ ಓಡಿ ಬಂದು ನಿಂತ ಎಂಜಿನ್ನಿನ ಪಕ್ಕದಲ್ಲಿ ಎಷ್ಟಿರಬಹುದು ಎಂದು ಊಹಿಸಿಕೊಳ್ಳಬಹುದು. ಆದ್ದರಿಂದ ಬೇವಿನ ಮರದ ನೆರಳು ಸಿಕ್ಕರೆ ಕಾರಿನ ಮೂತಿಯನ್ನು ನೆರಳಿಗೆ ಮಾಡಿ ನಿಲ್ಲಿಸಬೇಕು, ಬ್ಯಾಟರಿಯ ಸುತ್ತ ಕಂಪನಿಯವರು ಹೊದಿಸಿದ ಶಾಖತಡೆ ಹೊದಿಕೆಯನ್ನು ಕಿತ್ತೆಸೆಯಬಾರದು. ಬೀದರಿನವರು ಇನ್ನೊಂದು ಎಚ್ಚರ ವಹಿಸಬೇಕು. ಬೇಸಿಗೆಯನ್ನು ದಾಟಿದ ಬ್ಯಾಟರಿ ಅಲ್ಲಿನ ಎತ್ತರದ ಚಳಿಗಾಲಕ್ಕೆ ಕಾಲಿಡುವ ಮೊದಲು, ಅಕ್ಟೋಬರಿನಲ್ಲಿ, ಮೇಲೆ ಹೇಳಿದ ಸೆಲ್ಫ್ ಪರೀಕ್ಷೆಯನ್ನು ಒಮ್ಮೆ ಮಾಡಿಕೊಂಡರೆ ಬೆಳಗಿನ ಜಾವದ ಪ್ರಯಾಣಗಳು ನಿಲ್ಲುವುದಿಲ್ಲ.

ಮುಚ್ಚಳ ತೆರೆಯುವ ಬ್ಯಾಟರಿಯಾದರೆ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಬೇಕು. ಫಲಕಗಳು ಮುಳುಗಿ ಒಂದು ಬೆರಳಗಲ ಮೇಲೆ ದ್ರವ ನಿಲ್ಲಬೇಕು, ಹೊರಗೆ ಗುರುತುಗಳಿದ್ದರೆ ಮೇಲಿನ ಗುರುತನ್ನು ಮೀರಬಾರದು. ಹಾಕಬೇಕಾದದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ಸೇಡಂ, ಚಿತ್ತಾಪುರ, ಶಹಾಬಾದ ಕಡೆ ನೆಲದಡಿ ಇರುವುದೇ ಸುಣ್ಣದಕಲ್ಲು. ನೀರು ಕಾಯಿಸುವ ಪಾತ್ರೆಯ ತಳಕ್ಕೆ ಬಿಳಿಯ ಪೊರೆ ಕಟ್ಟುವ ಬೋರ್‌ವೆಲ್ ನೀರು ಬ್ಯಾಟರಿಯೊಳಗೆ ಹೋದರೆ ಅದರ ಲವಣಗಳು ಅಲ್ಲೇ ಉಳಿದು ಫಲಕಗಳನ್ನು ಕೆಡಿಸುತ್ತವೆ. ಕುಡಿಯಲು ತರುವ ಕ್ಯಾನಿನ ನೀರಿನಲ್ಲೂ ಲವಣ ಪೂರ್ತಿ ಇಲ್ಲದಂತಾಗಿರುವುದಿಲ್ಲ. ಆಮ್ಲವನ್ನು ಮನೆಯಲ್ಲಿ ಎಂದಿಗೂ ಸೇರಿಸಬಾರದು, ಏಕೆಂದರೆ ಬಿಸಿಲಿಗೆ ಆವಿಯಾಗಿ ಹೋಗುವುದು ನೀರೇ ಹೊರತು ಆಮ್ಲವಲ್ಲ.

ಬ್ಯಾಟರಿಯ ನೆತ್ತಿಯ ಮೇಲೆ ಕೂತ ಧೂಳಿಗೆ ಆಮ್ಲದ ತೇವ ತಾಗಿದರೆ ಅದೇ ಒಂದು ಸಣ್ಣ ತಂತಿಯಾಗುತ್ತದೆ. ಮೀಟರಿನ ಕಪ್ಪು ಕಡ್ಡಿಯನ್ನು ನೆಗೆಟಿವ್ ಕಂಬಕ್ಕೆ ಮುಟ್ಟಿಸಿ, ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಾಸ್ಟಿಕ್ ನೆತ್ತಿಯ ಮೇಲೆ ಎಳೆದಾಡಿದರೆ ಕೊಳೆ ಇರುವ ಕಡೆ ಅರ್ಧ ವೋಲ್ಟೋ ಒಂದು ವೋಲ್ಟೋ ಕಾಣುತ್ತದೆ. ಬರೀ ಪ್ಲಾಸ್ಟಿಕ್ಕಿನಲ್ಲಿ ಅದು ಕಾಣಬಾರದು. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ, ಮುಚ್ಚಳಗಳು ಬಿಗಿಯಾಗಿವೆಯೇ ಎಂದು ನೋಡಿಕೊಂಡು, ಆ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಸಾಕು. ಟರ್ಮಿನಲ್ಲಿಗೆ ಕಟ್ಟಿದ ಹಸಿರು-ಬಿಳಿ ಪುಡಿಯೂ ಇದರಿಂದಲೇ ಹೋಗುತ್ತದೆ. ಬಿಚ್ಚುವಾಗ ನೆಗೆಟಿವ್ ಮೊದಲು, ಕೂಡಿಸುವಾಗ ಪಾಸಿಟಿವ್ ಮೊದಲು. ಬಿಗಿ ಮಾಡಿದ ಮೇಲೆ ತೆಳುವಾಗಿ ವ್ಯಾಸಲೀನ್ ಸವರಬೇಕು.

ಕೂತ ಬ್ಯಾಟರಿಯನ್ನು ಎಬ್ಬಿಸುವುದು

ಜಂಪ್ ಕೇಬಲ್ ಹಾಕುವ ಕ್ರಮ ಹೀಗಿದೆ: ಕೆಂಪು ಕೇಬಲ್ಲಿನ ಒಂದು ತುದಿ ಕೂತ ಬ್ಯಾಟರಿಯ ಪಾಸಿಟಿವ್‌ಗೆ, ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪಾಸಿಟಿವ್‌ಗೆ, ಕಪ್ಪು ಕೇಬಲ್ಲಿನ ಒಂದು ತುದಿ ಒಳ್ಳೆಯ ಬ್ಯಾಟರಿಯ ನೆಗೆಟಿವ್‌ಗೆ, ಕೊನೆಯ ತುದಿ ಕೂತ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕೊನೆಯ ಸಂಪರ್ಕದಲ್ಲಿ ಕಿಡಿ ಹಾರುವುದುಂಟು, ಬ್ಯಾಟರಿಯ ಬಾಯಲ್ಲಿ ಹೈಡ್ರೋಜನ್ ಇರುತ್ತದೆ. ಆದ್ದರಿಂದಲೇ ಆ ದೂರ ಬೇಕು. ಕೆಲವು ನಿಮಿಷ ಒಳ್ಳೆಯ ಕಾರನ್ನು ಓಡಿಸಿಟ್ಟು ಆಮೇಲೆ ಸೆಲ್ಫ್ ಹೊಡೆದು, ಎದ್ದ ಮೇಲೆ ಹಾಕಿದ್ದಕ್ಕೆ ಹಿಮ್ಮುಖ ಕ್ರಮದಲ್ಲಿ ತೆಗೆಯಬೇಕು. ಉಬ್ಬಿದ, ಸೀಳಿದ, ಸೋರುವ ಬ್ಯಾಟರಿಗೆ ಕೇಬಲ್ ಹಾಕಲೇಬಾರದು. ಧಕ್ಕಾ ಕೊಟ್ಟು ಎಬ್ಬಿಸುವುದು ಕೈಯಿಂದ ಗೇರ್ ಹಾಕುವ ಕಾರಿಗೆ ಮಾತ್ರ ಸಾಧ್ಯ, ಆಟೊಮ್ಯಾಟಿಕ್ ಕಾರಿಗೆ ಆಗದು.

ಎದ್ದ ಕಾರನ್ನು ಮನೆಯ ಮುಂದೆ ಅರ್ಧ ಗಂಟೆ ಓಡಿಸಿಟ್ಟರೆ ಬ್ಯಾಟರಿ ತುಂಬಿತು ಎಂಬ ನಂಬಿಕೆ ಸರಿಯಲ್ಲ. ಸೋತ ಬ್ಯಾಟರಿ ಕರೆಂಟನ್ನು ನಿಧಾನವಾಗಿ ಮಾತ್ರ ಒಪ್ಪಿಕೊಳ್ಳುತ್ತದೆ. ಅದರ ಸಾಮರ್ಥ್ಯದ ಹತ್ತನೇ ಒಂದು ಪಾಲು, ಅಂದರೆ 35ರ ಬ್ಯಾಟರಿಗೆ ಸುಮಾರು 3.5 ಆಂಪಿಯರಿನಂತೆ, ಚಾರ್ಜರಿನಲ್ಲಿ ರಾತ್ರಿಯಿಡೀ ಇಟ್ಟರೆ ಮಾತ್ರ ಪೂರ್ತಿ ತುಂಬುತ್ತದೆ. ಬರಿದಾದ ಸ್ಥಿತಿಯಲ್ಲೇ ವಾರಗಟ್ಟಲೆ ಬಿಟ್ಟರೆ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಅದು ಮತ್ತೆ ಮೊದಲಿನಂತಾಗುವುದಿಲ್ಲ. ಸೆನ್ಸರ್ ಇರುವ ಕಾರಿನಲ್ಲಿ ಚಾರ್ಜರಿನ ಕಪ್ಪು ಕ್ಲಿಪ್ಪನ್ನು ನೆಗೆಟಿವ್ ಕಂಬಕ್ಕೆ ಬದಲು ಕಾರಿನ ಲೋಹದ ಮೈಗೆ ಹಾಕಬೇಕು, ಇಲ್ಲವಾದರೆ ಒಳಬಂದ ಚಾರ್ಜ್ ಸೆನ್ಸರಿನ ಲೆಕ್ಕಕ್ಕೆ ಸಿಗುವುದಿಲ್ಲ. ಎಲೆಕ್ಟ್ರಿಕ್ ಕಾರು ಇರುವವರೂ ಇದನ್ನು ತಮಗೆ ಸಂಬಂಧವಿಲ್ಲದ್ದೆಂದು ಬಿಡಬಾರದು. ಅವುಗಳಲ್ಲೂ ದೀಪ, ಬೀಗ ಮತ್ತು ಗಣಕಗಳಿಗಾಗಿ 12 ವೋಲ್ಟಿನ ಪ್ರತ್ಯೇಕ ಬ್ಯಾಟರಿ ಇರುತ್ತದೆ, ಅದು ಕೂತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಎಚ್ಚರಗೊಳ್ಳುವುದಿಲ್ಲ.

ತಿಂಗಳುಗಟ್ಟಲೆ ಊರಲ್ಲೇ ಕಾರು ಬಿಟ್ಟು ಪುಣೆ, ಮುಂಬೈ, ಹೈದರಾಬಾದಿಗೆ ಹೋಗುವವರು ಬ್ಯಾಟರಿಯನ್ನು ತುಂಬಿಸಿ ನೆಗೆಟಿವ್ ಟರ್ಮಿನಲ್ ಬಿಚ್ಚಿಟ್ಟು ಹೋಗಬಹುದು. ಮರಳಿ ಕೂಡಿಸಿದಾಗ ಗಡಿಯಾರ ಮತ್ತು ಒಂದೇ ಒತ್ತಿಗೆ ಏರುವ ಕಿಟಕಿಯನ್ನು ಮತ್ತೆ ಹೊಂದಿಸಬೇಕಾದೀತು. ಬೀಗವೂ ಕರೆಂಟಿನದೇ ಆದ್ದರಿಂದ ಯಾಂತ್ರಿಕ ಕೀಲಿ ಕೈಯಲ್ಲಿರಲಿ.

ಎಲ್‌ಇಡಿಗೆ ಬದಲಿಸುವಾಗ

ಹಳೆಯ ಬಲ್ಬಿನ ಜಾಗಕ್ಕೆ ಎಲ್‌ಇಡಿ ಹಾಕುವುದು ಸೋವಿಯಾದ ಒಳ್ಳೆಯ ಸುಧಾರಣೆ. ಹಳೆಯ ಬಲ್ಬನ್ನು ತೆಗೆದು ಅದರ ಉದ್ದ ಅಳೆದು, 31, 36, 39 ಅಥವಾ 41 ಮಿಲಿಮೀಟರ್ ಯಾವುದೆಂದು ನೋಡಿ ಅದೇ ಅಳತೆಯದನ್ನು ತರಬೇಕು. ಹಾಕಿದ ಮೇಲೆ ಉರಿಯದಿದ್ದರೆ ತಿರುಗಿಸಿ ಹಾಕಬೇಕು, ಎಲ್‌ಇಡಿಗೆ ಪಾಸಿಟಿವ್ ನೆಗೆಟಿವ್ ಎಂಬ ದಿಕ್ಕು ಇರುತ್ತದೆ. ಆರಿಸಿದ ಮೇಲೂ ಮಂದವಾಗಿ ಉರಿಯುತ್ತಿದ್ದರೆ ಗಣಕ ಘಟಕದಿಂದ ಬರುವ ಅತ್ಯಲ್ಪ ಕರೆಂಟೇ ಎಲ್‌ಇಡಿಗೆ ಸಾಕಾಗುತ್ತಿದೆ ಎಂದರ್ಥ. ಅದಕ್ಕೆಂದೇ ರೆಸಿಸ್ಟರ್ ಇರುವ ಎಲ್‌ಇಡಿಗಳು ಸಿಗುತ್ತವೆ. ಕಣ್ಣು ಕುಕ್ಕುವ ನೀಲಿಬಿಳಿಗಿಂತ ಹಳದಿ ಛಾಯೆಯ ಬೆಳಕು ರಾತ್ರಿಯ ಪ್ರಯಾಣಕ್ಕೆ ಹಿತ.

ಬಣ್ಣದ ಎಲ್‌ಇಡಿ ಪಟ್ಟಿ ಹಾಕಿಸಲೇಬೇಕೆಂದರೆ ಅದರ ಕರೆಂಟನ್ನು ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ಫ್ಯೂಸಿನಿಂದ, ಅದಕ್ಕೇ ಒಂದು ಪ್ರತ್ಯೇಕ ಸಣ್ಣ ಫ್ಯೂಸ್ ಇಟ್ಟು ತೆಗೆದುಕೊಳ್ಳಲು ಅಂಗಡಿಯವರಿಗೆ ಹೇಳಬೇಕು. ಕಂಪನಿಯ ತಂತಿಯನ್ನು ಕಡಿದು ಜೋಡಿಸಲು ಬಿಡಬಾರದು, ವಾರಂಟಿಗೂ ಅದರಿಂದ ತೊಂದರೆ. ಮುಂದಿನ ಕಂಬಗಳ ಒಳಹೊದಿಕೆಯಲ್ಲಿ ಏರ್‌ಬ್ಯಾಗ್ ಗುರುತಿದ್ದರೆ ಅಲ್ಲಿ ತಂತಿ ಹಾಯಿಸಲೂಬಾರದು.

ಬದಲಿಸುವ ಹೊತ್ತು ಬಂದಾಗ

ಪೂರ್ತಿ ಚಾರ್ಜ್ ಮಾಡಿ, ಒಂದು ರಾತ್ರಿ ಬಿಟ್ಟು, ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೂ ಸೆಲ್ಫ್ ಪರೀಕ್ಷೆಯಲ್ಲಿ ವೋಲ್ಟೇಜ್ ಕುಸಿದರೆ ಬ್ಯಾಟರಿ ಬದಲಿಸಲೇಬೇಕು. ಅದೇ ಆಂಪಿಯರ್-ಅವರ್, ಅದೇ ಕಂಬಗಳ ದಿಕ್ಕು, ಅದೇ ತರಗತಿಯದನ್ನು ಕೇಳಬೇಕು. ಸಿಗ್ನಲ್ಲಿನಲ್ಲಿ ಆರುವ ಎಂಜಿನ್ನಿನ ಕಾರಿಗೆ, ಪದೇ ಪದೇ ಸ್ಟಾರ್ಟ್ ಮಾಡುವುದನ್ನು ತಾಳಿಕೊಳ್ಳುವ ಇಎಫ್‌ಬಿ ಅಥವಾ ಎಜಿಎಂ ತರಗತಿಯ ಬ್ಯಾಟರಿ ಇದ್ದಲ್ಲಿ ಅಗ್ಗದ ಸಾಧಾರಣ ಬ್ಯಾಟರಿ ಬಹಳ ದಿನ ಬಾಳುವುದಿಲ್ಲ. ಕೆಲವು ಕಾರುಗಳಲ್ಲಿ ಹೊಸ ಬ್ಯಾಟರಿ ಬಂದದ್ದನ್ನು ಸ್ಕ್ಯಾನರಿನ ಮೂಲಕ ಕಾರಿನ ಗಣಕಕ್ಕೆ ತಿಳಿಸಬೇಕಾಗುತ್ತದೆ. ತಯಾರಾದ ತಿಂಗಳನ್ನು ಅಂಗಡಿಯಲ್ಲೇ ಓದಿಸಿ, ಬಿಸಿಲಿನ ಗೋದಾಮಿನಲ್ಲಿ ಬಹುಕಾಲ ಕೂತದ್ದಲ್ಲವೆಂದು ನೋಡಿ, ಅಲ್ಲಿಯೇ ವೋಲ್ಟೇಜ್ ಅಳೆಸಿ, 12.5ಕ್ಕಿಂತ ಕಡಿಮೆಯಿದ್ದರೆ ಬೇರೆಯದನ್ನು ಕೇಳಬೇಕು. ಹಳೆಯದನ್ನು ಅದೇ ಅಂಗಡಿಗೆ ಕೊಟ್ಟರೆ ಅದರ ಸೀಸಕ್ಕೆ ಬೆಲೆ ಸಿಗುತ್ತದೆ. ಹಳೆಯ ಬ್ಯಾಟರಿಗಳನ್ನು ಮರಳಿ ಪಡೆದು ಮರುಬಳಕೆಗೆ ಕಳಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಗುಜರಿಯಲ್ಲಿ ಒಡೆದು ಆಮ್ಲವನ್ನು ನೆಲಕ್ಕೆ ಸುರಿಯುವವರ ಕೈಗೆ ಅದು ಹೋಗದಂತೆ, ಹಳೆಯದನ್ನು ಒಪ್ಪಿಸಿದ್ದನ್ನೂ ಬಿಲ್ಲಿನಲ್ಲಿ ಬರೆಸಿಕೊಂಡು ಬರಬೇಕು.